ಭೂಮಿಗಿಂತ ದೊಡ್ಡ ಕಲ್ಲುಗ್ರಹಗಳನ್ನು ನೆಲದ ಮೇಲಿನ ಟೆಲಿಸ್ಕೋಪಿನಿಂದ ಅಧ್ಯಯನ ಮಾಡಲು ಆಗುತ್ತದಾ?

ಬೇರೆ ನಕ್ಷತ್ರಗಳ ಸುತ್ತ ಇರುವ ದೊಡ್ಡ ಕಲ್ಲುಗ್ರಹಗಳ ಅಧ್ಯಯನಕ್ಕೆ ಬಾಹ್ಯಾಕಾಶ ಟೆಲಿಸ್ಕೋಪೇ ಬೇಕಾ, ನೆಲದ ಮೇಲಿನದು ಸಾಲದಾ ಅಂತ ಕೇಳಿದ್ದೀರಿ. ನೆಲದಿಂದಲೂ ಆಗುತ್ತದೆ. ನನಗೆ ತುಂಬಾ ಇಷ್ಟವಾದ ಒಂದು ಗ್ರಹವನ್ನೇ ಹಿಡಿದು ಹೇಳುತ್ತೇನೆ.

ನಾನು ಗದಗಿನವನು. ಶಿವರಾತ್ರಿ ಜಾಗರಣೆಗೆ ಕಪ್ಪತಗುಡ್ಡದ ಕಡೆ ಇರುವ ಕಾಕಾನ ಹೊಲಕ್ಕೆ ಬೈನಾಕ್ಯುಲರ್ ತಗೊಂಡು ಹೋಗುತ್ತೇನೆ. ಅವತ್ತು ಚಂದ್ರನ ಬೆಳಕು ಇರುವುದಿಲ್ಲ. ಹತ್ತು, ಹನ್ನೊಂದರ ಹೊತ್ತಿಗೆ ಕರ್ಕಾಟಕ ರಾಶಿ ನೆತ್ತಿಯ ಹತ್ತಿರ ಬಂದಿರುತ್ತದೆ. ನಮ್ಮ ರೈತರು ಪುಷ್ಯ ಮಳೆ ಅನ್ನುತ್ತಾರಲ್ಲ, ಆ ಪುಷ್ಯ ನಕ್ಷತ್ರ ಇರುವುದು ಅಲ್ಲೇ. ಕೈ ಚಾಚಿ ಮುಷ್ಟಿ ಹಿಡಿಯಿರಿ. ಪುಷ್ಯದಿಂದ ಉತ್ತರಕ್ಕೆ ಸುಮಾರು ಒಂದು ಮುಷ್ಟಿಯಷ್ಟು ಸರಿದರೆ ಒಂದು ಮಂಕು ಚುಕ್ಕೆ ಸಿಗುತ್ತದೆ. ಅದೇ 55 ಕ್ಯಾಂಕ್ರಿ, 41 ಜ್ಯೋತಿರ್ವರ್ಷ ದೂರ. ಅದರ ತೀರಾ ಹತ್ತಿರ, 18 ತಾಸಿಗೊಮ್ಮೆ ಸುತ್ತು ಹಾಕುವ ಗ್ರಹವೇ 55 ಕ್ಯಾಂಕ್ರಿ ಇ.

"ಅಷ್ಟ್ ದೂರ ಇದ್ದದ್ದು ಹೆಂಗ ಗೊತ್ತಾಕ್ಕೈತಿ ತಮ್ಮಾ?" ಅಂತ ಕಾಕಾ ಕೇಳಿದ್ದರು. ಗ್ರಹ ಕಾಣುವುದಿಲ್ಲ. ಅದು ನಕ್ಷತ್ರದ ಮುಂದೆ ಹಾದಾಗ ಬೆಳಕು ಒಂಚೂರು ಕಡಿಮೆಯಾಗುತ್ತದೆ. ಎಷ್ಟು? 10,000 ರೂಪಾಯಿಯಲ್ಲಿ 4 ರೂಪಾಯಿಯಷ್ಟು! ಗಾಳಿಯಿಂದಾಗಿ ನಕ್ಷತ್ರ ಮಿನುಗುವುದೇ ಇದಕ್ಕಿಂತ ಎಷ್ಟೋ ಜಾಸ್ತಿ. ಅದಕ್ಕೆ ಪಕ್ಕದ ಇನ್ನೊಂದು ನಕ್ಷತ್ರವನ್ನೂ ಜೊತೆಗೇ ಅಳೆಯುತ್ತಾರೆ. ಎರಡೂ ಒಟ್ಟಿಗೆ ಮಂಕಾದರೆ ಅದು ಗಾಳಿಯ ಕೆಲಸ. ಇದೊಂದೇ ಮಂಕಾದರೆ ಗ್ರಹದ್ದು. ಲಾ ಪಾಲ್ಮಾ ದ್ವೀಪದ 2.5 ಮೀಟರ್ ನಾರ್ಡಿಕ್ ಟೆಲಿಸ್ಕೋಪಿನಿಂದ ಹೀಗೇ ಅಳೆದು 2014ರಲ್ಲಿ ಪ್ರಕಟಿಸಿದರು. ಬಾಹ್ಯಾಕಾಶದಿಂದ 2011ರಲ್ಲೇ ಅಳೆದಿದ್ದರು, ನಿಜ. ಆದರೆ ನೆಲದಿಂದಲೂ ಅದು ಸಾಧ್ಯವಾಯಿತು ಅನ್ನುವುದು ನನಗೆ ಈಗಲೂ ರೋಮಾಂಚನ.

ನನ್ನ ಪ್ರಕಾರ ನೆಲದ ಟೆಲಿಸ್ಕೋಪಿಗೆ ಗಾಳಿಗಿಂತ ದೊಡ್ಡ ತೊಡಕು ಹಗಲು. ಈ ಗ್ರಹ ಮೊದಲು ಸಿಕ್ಕಿದ್ದು 2004ರಲ್ಲಿ, ನೆಲದಿಂದಲೇ. ಗ್ರಹದ ಸೆಳೆತಕ್ಕೆ ನಕ್ಷತ್ರ ಸ್ವಲ್ಪ ಹಿಂದೆ ಮುಂದೆ ಆಡುತ್ತದೆ, ಅದನ್ನು ನಕ್ಷತ್ರದ ಬೆಳಕಿನ ಬಣ್ಣದಲ್ಲಾಗುವ ಸಣ್ಣ ಬದಲಾವಣೆಯಿಂದ ಹಿಡಿದರು. ಆಗ ಒಂದು ಸುತ್ತಿಗೆ 2.8 ದಿನ ಅಂದುಕೊಂಡಿದ್ದರು. ಯಾಕೆ ಗೊತ್ತಾ? ಒಂದು ದಿನದಲ್ಲಿ ಈ ಗ್ರಹ ಒಂದು ಸುತ್ತು ಪೂರ್ತಿ ಮುಗಿಸಿ, ಮೇಲೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹೋಗಿರುತ್ತದೆ. ರಾತ್ರಿ ಮಾತ್ರ ನೋಡುವವರಿಗೆ ಆ ಪೂರ್ತಿ ಸುತ್ತು ಲೆಕ್ಕಕ್ಕೇ ಸಿಗಲಿಲ್ಲ. ಮಿಕ್ಕ ಭಾಗವಷ್ಟೇ ಕಂಡಿತು. 2010ರಲ್ಲಿ ಅದೇ ಅಳತೆಗಳನ್ನು ಮತ್ತೆ ಕೂತು ಪರಿಶೀಲಿಸಿದಾಗ 18 ತಾಸು ಅಂತ ಹೊರಬಿತ್ತು. ಆ ತಾಳ್ಮೆಗೆ ಕೈಮುಗಿಯಬೇಕು ಅನಿಸುತ್ತದೆ.

ನಕ್ಷತ್ರದ ಆಟದಿಂದ ಗ್ರಹದ ತೂಕ ಸಿಗುತ್ತದೆ, ಭೂಮಿಯ ಸುಮಾರು 8 ಪಟ್ಟು. ಮಂಕಾಗುವುದರಿಂದ ಅಗಲ ಸಿಗುತ್ತದೆ, ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ. ಇಷ್ಟು ಅಗಲಕ್ಕೆ ಅಷ್ಟು ತೂಕ ಬರಬೇಕಾದರೆ ಒಳಗೆ ಹೆಚ್ಚಿನದೆಲ್ಲ ಕಲ್ಲೇ ಇರಬೇಕು, ಗುರುಗ್ರಹದ ಹಾಗೆ ಬರೀ ಅನಿಲದ ಉಂಡೆ ಆಗಿರಲಾರದು. ತೂಕ ಅಳೆಯುವ ಇಂಥ ಉಪಕರಣ ನಮ್ಮ ಮೌಂಟ್ ಅಬುವಿನಲ್ಲೂ ಇದೆ, ಹೆಸರು ಪಾರಸ್-2.

ನೀವು ಹುಬ್ಬಳ್ಳಿಯವರು ಅಂತ ಬರೆದಿದ್ದೀರಿ. ಊರೊಳಗಿನ ದೀಪಗಳಲ್ಲಿ ಈ ನಕ್ಷತ್ರ ಬರಿಗಣ್ಣಿಗೆ ಸಿಗುವುದಿಲ್ಲ. ಶಿವರಾತ್ರಿಗೆ ಯಾವುದಾದರೂ ಹಳ್ಳಿಯ ಹೊಲಕ್ಕೆ ಹೋಗಿ. ಕಣ್ಣು ಕತ್ತಲಿಗೆ ಹೊಂದಲು ಅರ್ಧ ತಾಸು ಬಿಡಿ, ಮೊಬೈಲ್ ಮುಟ್ಟಬೇಡಿ. ಆಮೇಲೆ ಪುಷ್ಯದಿಂದ ಒಂದು ಮುಷ್ಟಿ ಉತ್ತರಕ್ಕೆ ನೋಡಿ.