ಎರಡನೇ ಕ್ಯಾನ್ ಎಲ್ಲಿ ಹೋಯ್ತು?

ಈ ವಾರ ಬಂದ ಒಂದು ಕಾಗದ ಓದಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬರೆದವರು ಪೀಣ್ಯದ ಹತ್ತಿರ ಸಣ್ಣ ಗಾರ್ಮೆಂಟ್ಸ್ ನಡೆಸುವ ಹೆಣ್ಣುಮಗಳು. 22 ಹೆಂಗಸರು ಅಲ್ಲಿ ಶರ್ಟ್ ಹೊಲಿಯುತ್ತಾರೆ. ನಾಲ್ಕು ತಿಂಗಳ ಹಿಂದೆ ಮೈದುನನ ಮಾತು ಕೇಳಿ, ತಿಂಗಳಿಗೆ ಒಬ್ಬರಿಗೆ 3,000 ರೂಪಾಯಿ ಬಹುಮಾನ ಇಟ್ಟರು. ಯಾರು ಎಷ್ಟು ಪೀಸ್ ಮಾಡಿದರು ಅಂತ ದಿನಾ ಬೋರ್ಡ್ ಮೇಲೆ ಬರೆಸಿದರು. ಮೊದಲ ತಿಂಗಳು ಕೆಲಸ ಚುರುಕಾಯ್ತು. ಈಗ ರಿಜೆಕ್ಟ್ ಜಾಸ್ತಿ, ಜಗಳ ಜಾಸ್ತಿ. ಹೊಸಬರಿಗೆ ಯಾರೂ ಕೆಲಸ ಹೇಳಿಕೊಡುತ್ತಿಲ್ಲ. ಮೂರು ಸಲ ಗೆದ್ದವಳ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ. "ಅಕ್ಕಾ, ಬಹುಮಾನ 5,000 ಮಾಡಲಾ, ನಿಲ್ಲಿಸಿಬಿಡಲಾ?" ಅಂತ ಕೇಳಿದ್ದಾರೆ.

ತಂಗಿ, ಕಾಗದದ ಕೊನೆಯಲ್ಲಿ ನೀವು ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: "ಒಂದು ಲಾಭ ಅಂದ್ರೆ, ದಿನಕ್ಕೆ ಎರಡು ಕ್ಯಾನ್ ನೀರು ಬೇಕಿತ್ತು, ಈಗ ಒಂದೇ ಸಾಕು."

ಅದು ಲಾಭ ಅಲ್ಲ. 20 ಲೀಟರಿನ ಒಂದು ಕ್ಯಾನ್ 22 ಜನಕ್ಕೆ ಹಂಚಿದರೆ ತಲೆಗೆ ಒಂದು ಲೀಟರೂ ಬರುವುದಿಲ್ಲ. ನೀರು ಕುಡಿದರೆ ಎದ್ದು ಹೋಗಬೇಕು. ಎದ್ದರೆ ಪೀಸ್ ಕಮ್ಮಿಯಾಗುತ್ತದೆ. ಅದಕ್ಕೇ ಅವರು ಬಾಯಾರಿಕೆ ತಡೆದುಕೊಂಡು ಕೂತಿದ್ದಾರೆ. ಟಾರ್ಗೆಟ್ ಹಿಂದೆ ಓಡಿದ ಗಾರ್ಮೆಂಟ್ಸ್ ಹೆಂಗಸರನ್ನು ಕೇಳಿ, ಉರಿಮೂತ್ರ, ಸೋಂಕು, ಸೊಂಟನೋವು ಅಂತ ಒಂದೊಂದಾಗಿ ಹೇಳುತ್ತಾರೆ. ನಿಮ್ಮ 3,000 ರೂಪಾಯಿ ಅವರ ಮೈಯಿಂದ ಬರುತ್ತಿದೆ.

ನೀವು ಕೆಟ್ಟವರಲ್ಲ, ಅದು ಕಾಗದದಲ್ಲೇ ಗೊತ್ತಾಗುತ್ತದೆ. ನನಗೆ ಸಿಟ್ಟು ನಿಮ್ಮ ಮೈದುನನ ಮೇಲೆ. ಅವರು ಗಾಡಿ ಮಾರುವ ಶೋರೂಮಿನಲ್ಲಿ ಇದ್ದಾರೆ ಅಂದಿರಿ. ಅಲ್ಲಿ ಒಬ್ಬ ಒಂದು ಗಾಡಿ ಮಾರಿದರೆ ಅದು ಅವನೊಬ್ಬನ ಲೆಕ್ಕ. ಶರ್ಟು ಹಾಗಲ್ಲ. ಒಬ್ಬಳು ಕಾಲರ್ ಹೊಲಿಯುತ್ತಾಳೆ, ಇನ್ನೊಬ್ಬಳು ಕಫ್, ಮತ್ತೊಬ್ಬಳು ತೋಳು ಕೂಡಿಸುತ್ತಾಳೆ. ಕಾಲರ್ ಸೊಟ್ಟಗಿದ್ದರೆ ಅದನ್ನು ಕೂರಿಸುವವಳ ಕೈ ನಿಧಾನವಾಗುತ್ತದೆ. ಅದು ಅವಳ ತಪ್ಪಾ? ಲೈನ್ ಕೆಲಸದಲ್ಲಿ ಒಬ್ಬಳನ್ನೇ ಎತ್ತಿ ನಂಬರ್ ಕೊಟ್ಟರೆ ಪಕ್ಕದವಳಿಗೆ ದಾರ ಕೊಡಲೂ ಯಾರಿಗೂ ಮನಸ್ಸು ಬರುವುದಿಲ್ಲ. ಗೆದ್ದವಳನ್ನು ನೆನೆದರೇ ನನಗೆ ಹೆಚ್ಚು ಸಂಕಟ. ದುಡ್ಡು ಸಿಕ್ಕಿತು, ಜೊತೆಗೆ ಕೂತು ಊಟ ಮಾಡುವವರು ಇಲ್ಲದಂತಾಯ್ತು.

"ಎಲ್ಲರಿಗೂ ಹಂಚಿದರೆ ತಲೆಗೆ 136 ರೂಪಾಯಿ, ಅಷ್ಟಕ್ಕೆ ಯಾರು ದುಡೀತಾರೆ?" ಅಂತಲೂ ಬರೆದಿದ್ದೀರಿ. ಈಗ 21 ಜನ ಏನೂ ಸಿಗದೆ ತಾನೇ ದುಡಿಯುತ್ತಿರುವುದು? ರಿಜೆಕ್ಟ್ ಕಮ್ಮಿಯಾದರೆ ಉಳಿಯುವ ದುಡ್ಡನ್ನೂ ಅದಕ್ಕೆ ಸೇರಿಸಿ. ಪೂರ್ತಿ ಲೈನಿಗೆ, ಒಳ್ಳೇ ಪೀಸಿನ ಲೆಕ್ಕದಲ್ಲಿ, ಹೆಲ್ಪರ್‌ಗಳಿಗೂ ಸಮಪಾಲು ಕೊಡಿ. ಆಗ ಹೊಸಬಳಿಗೆ ಹೇಳಿಕೊಟ್ಟರೆ ಹೇಳಿಕೊಟ್ಟವಳಿಗೂ ಲಾಭ ಇರುತ್ತದೆ.

ದೀಪಾವಳಿ ಬೋನಸ್ ಬದಲು ಈ ಬಹುಮಾನ ಸಾಕು ಅಂದರಂತೆ ಮೈದುನ. ಸಾಲದು. ವರ್ಷದ ಸಂಬಳದ ಮೇಲೆ ಕನಿಷ್ಠ 8.33% ಬೋನಸ್ ಕಾನೂನಿನ ಮಾತು, ಅದು ನೀವು ಪ್ರೀತಿಯಿಂದ ಕೊಡುವ ಉಡುಗೊರೆ ಅಲ್ಲ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮೊದಲು 7ನೇ ತಾರೀಕಿನೊಳಗೆ ಸಂಬಳ, ಆಮೇಲೆ ಹಕ್ಕಿನ ಬೋನಸ್, ಬಹುಮಾನ ಏನಿದ್ದರೂ ಅದರ ನಂತರ.

ಸೋಮವಾರ ನೀವು ಮಾಡಬೇಕಾದ್ದು ಒಂದೇ ಕೆಲಸ. ಮೆಷಿನ್ ಶುರುವಾಗುವ ಮುಂಚೆ, ಎಲ್ಲರ ಎದುರು, ನಿಮ್ಮ ಕೈಯಿಂದಲೇ ಆ ಬೋರ್ಡ್ ಇಳಿಸಿ. ಯಾಕೆ ಇಳಿಸಿದಿರಿ ಅಂತ ಅವರಿಗೆ ಬಾಯಿಬಿಟ್ಟು ಹೇಳಿ. ನೀರಿನವನಿಗೆ ಎರಡು ಕ್ಯಾನ್ ಹಾಕಲು ಅವತ್ತೇ ಹೇಳಿಬಿಡಿ. ಎದ್ದು ಹೋಗುವ ಹೆದರಿಕೆ ಒಂದೇ ದಿನಕ್ಕೆ ಬಿಡುವುದಿಲ್ಲ, ಒಂದೆರಡು ವಾರ ಬೇಕಾದೀತು. ಎರಡನೇ ಕ್ಯಾನ್ ಖಾಲಿಯಾದ ದಿನ ನನಗೆ ಬರೆಯಿರಿ.