ಆ ನೋಟ್‌ಬುಕ್ಕನ್ನು ವಕೀಲರಿಗೆ ಕೊಟ್ಟುಬಿಡಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟು ಬಂದಿತು. ಬರೆದವರ ಮೇಲೆ ಬಂದ ಸಿಟ್ಟಲ್ಲ, ಅವರ ಅಣ್ಣನವರ ಮೇಲೆ ಬಂದದ್ದು.

ಬರೆದವರು ಹಾಸನ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕಿ. ಮದುವೆಯಾಗಿ ಹನ್ನೊಂದು ವರ್ಷವಾಗಿದ್ದು, ಒಂಬತ್ತು ವರ್ಷದ ಮಗಳಿದ್ದಾಳೆ. ಗಂಡ ಹೆಂಡತಿ ಎರಡು ವರ್ಷದಿಂದ ಬೇರೆ ಬೇರೆ ಮನೆಗಳಲ್ಲಿದ್ದಾರೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಕೌಟುಂಬಿಕ ನ್ಯಾಯಾಲಯದಲ್ಲಿ ಜಂಟಿ ಅರ್ಜಿ ಸಲ್ಲಿಸಿ ಎರಡು ತಿಂಗಳಾಗಿದೆ. ಮಗಳು ತಾಯಿಯ ಬಳಿ ಇರುವುದು, ತಿಂಗಳಿಗೆ ಎರಡು ಭಾನುವಾರ ತಂದೆ ಬಂದು ಕರೆದೊಯ್ಯುವುದು, ಕೊಡಬೇಕಾದ ಹಣ, ಎಲ್ಲವೂ ಬರವಣಿಗೆಯಲ್ಲಿ ತೀರ್ಮಾನವಾಗಿದೆ. ಆದರೂ ರಾತ್ರಿ ಎರಡು ಗಂಟೆಯವರೆಗೆ ನಿದ್ದೆ ಹತ್ತುವುದಿಲ್ಲ, ತರಗತಿಯಲ್ಲಿ ಹಾಜರಿ ಕೂಗುವಾಗ ಎದೆ ಹೊಡೆದುಕೊಳ್ಳುತ್ತದೆ, ಊಟ ಸೇರುವುದಿಲ್ಲ. ಯಾವ ಪ್ರಾಣಾಯಾಮ ಮಾಡಲಿ, ಎಷ್ಟು ಹೊತ್ತು ಮಾಡಲಿ ಎಂದು ಕೇಳಿದ್ದಾರೆ.

ಪ್ರಾಣಾಯಾಮದ ಮಾತು ಇರಲಿ. ನಿಮ್ಮ ಪತ್ರದ ನಾಲ್ಕನೆಯ ಪುಟದಲ್ಲಿ, ಮಗಳ ಶಾಲೆಯ ಶುಲ್ಕ ಮತ್ತು ಬಾಡಿಗೆ ಮನೆಯ ನೀರಿನ ತೊಂದರೆಯ ನಡುವೆ, ಒಂದು ವಾಕ್ಯವಿದೆ: “ಮಗಳು ಮಲಗಿದ ಮೇಲೆ ಅಣ್ಣ ಹೇಳಿದಂತೆ ನೋಟ್‌ಬುಕ್ ಬರೆದು ಮಲಗುತ್ತೇನೆ.” ಹನ್ನೊಂದು ವರ್ಷಗಳಲ್ಲಿ ಗಂಡ ಮಾಡಿದ ತಪ್ಪುಗಳನ್ನೆಲ್ಲ ದಿನಾಂಕ ಸಹಿತ ಬರೆದಿಡು, ಮುಂದೆ ಬೇಕಾಗಬಹುದು ಎಂದು ಅಣ್ಣನವರು ಹೇಳಿದ್ದಾರೆ, ನೀವು ಮಗಳ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತೆಗೆದುಕೊಂಡು ರಾತ್ರಿ ಹತ್ತೂವರೆಯಿಂದ ಹನ್ನೆರಡರವರೆಗೆ ಬರೆಯುತ್ತಿದ್ದೀರಿ. ನಿಮ್ಮ ಪರಿಸ್ಥಿತಿ ನನಗೆ ಅರ್ಥವಾಗಲೆಂದು ಅದರ ಎರಡು ಪುಟಗಳ ಜೆರಾಕ್ಸ್ ಪ್ರತಿಯನ್ನೂ ಲಗತ್ತಿಸಿದ್ದೀರಿ. ಪತ್ರಕ್ಕಿಂತ ಹೆಚ್ಚಾಗಿ ನಾನು ಓದಿದ್ದು ಆ ಎರಡು ಪುಟಗಳನ್ನು.

2016ರ ಯುಗಾದಿಯ ದಿನ ಒಬ್ಬಟ್ಟಿನ ಹೂರಣ ತೆಳುವಾದಾಗ ಅತ್ತೆಯವರ ಎದುರಿಗೆ ನಿಮ್ಮ ಗಂಡ “ನಕ್ಕರು” ಎಂದು ನೀವು ಮೊದಲು ಬರೆದಿದ್ದೀರಿ. ಆ ಪದವನ್ನು ಹೊಡೆದುಹಾಕಿ ಮೇಲೆ “ಗೇಲಿ ಮಾಡಿದರು” ಎಂದು ಬರೆದಿದ್ದೀರಿ. ಅದನ್ನೂ ಹೊಡೆದು ಅಂಚಿನಲ್ಲಿ, ಬೇರೆ ಬಣ್ಣದ ಪೆನ್ನಿನಿಂದ, “ಎಲ್ಲರೆದುರು ಅವಮಾನಿಸಿದರು” ಎಂದಿದ್ದೀರಿ. ಪೆನ್ನು ಬದಲಾಗಿರುವುದನ್ನು ನೋಡಿದರೆ ಇದು ಒಂದೇ ರಾತ್ರಿಯ ಕೆಲಸವಲ್ಲ. ಅಂದು ನಡೆದದ್ದು ನಗುವೋ ಅವಮಾನವೋ ಎಂಬುದನ್ನು ನಾನು ಹೇಳಲಾರೆ, ಅಲ್ಲಿದ್ದವರು ನೀವು. ಆದರೆ ಸುಮಾರು ಹತ್ತು ವರ್ಷದ ಹಿಂದಿನ ಒಂದು ಬೆಳಗಿನ ಮೇಲಿನ ಆರೋಪವನ್ನು ರಾತ್ರಿಯಿಂದ ರಾತ್ರಿಗೆ ಏರಿಸುತ್ತ ಹೋಗುವ ಮನಸ್ಸು, ದೀಪ ಆರಿಸಿದ ಕೂಡಲೇ ನಿದ್ದೆಗೆ ಹೊರಳಬೇಕೆಂದು ಬಯಸುವುದು ಹೇಗೆ?

ಅಮೆರಿಕದ ಹೋಮ್ಸ್ ಮತ್ತು ರಾಹೆ ಎಂಬಿಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ ಆಘಾತಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದ್ದರು. ಸಂಗಾತಿಯ ಸಾವಿಗೆ 100 ಅಂಕ, ಅದರ ನಂತರದ ಸ್ಥಾನದಲ್ಲಿದ್ದ ವಿಚ್ಛೇದನಕ್ಕೆ 73. ಅಷ್ಟು ಭಾರವನ್ನು ನೀವು ಹೊತ್ತೇ ಇದ್ದೀರಿ. ಅದರ ಮೇಲೆ ಪ್ರತಿರಾತ್ರಿ ಒಂದೂವರೆ ಗಂಟೆಯ ಸಾಕ್ಷ್ಯ ಸಂಗ್ರಹವನ್ನು ಹೇರಿದವರು ನಿಮ್ಮ ಅಣ್ಣ.

ಆ ಸಾಕ್ಷ್ಯ ಯಾರಿಗೆ ಬೇಕು ಎಂಬುದನ್ನೂ ನೋಡೋಣ. ನಿಮ್ಮ ಅರ್ಜಿ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಅಡಿಯಲ್ಲಿದೆ. ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಪ್ರತ್ಯೇಕವಾಗಿ ಬಾಳಿದ್ದೇವೆ, ಒಟ್ಟಿಗೆ ಬಾಳಲು ಆಗಲಿಲ್ಲ, ಮದುವೆಯನ್ನು ಕೊನೆಗೊಳಿಸಲು ಇಬ್ಬರೂ ಒಪ್ಪಿದ್ದೇವೆ ಎಂದಷ್ಟೇ ಅಲ್ಲಿ ಹೇಳಬೇಕಾಗಿರುವುದು. ತಪ್ಪು ಯಾರದೆಂದು ನ್ಯಾಯಾಧೀಶರು ಕೇಳುವುದಿಲ್ಲ, ಹೂರಣದ ವಿಚಾರವನ್ನಂತೂ ಕೇಳುವುದೇ ಇಲ್ಲ. ಕ್ರೌರ್ಯದ ಕಾರಣ ಹೇಳಿ ಒಬ್ಬರೇ ವಿಚ್ಛೇದನ ಕೇಳಿದಾಗ ತಪ್ಪನ್ನು ಸಾಬೀತು ಮಾಡಬೇಕಾಗುತ್ತದೆ. ನಿಮ್ಮದು ಆ ದಾರಿಯಲ್ಲ. ಅಂತಿಮ ತೀರ್ಪಿಗೆ ಮೊದಲು ಇಬ್ಬರಲ್ಲಿ ಒಬ್ಬರು ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂಬುದು ನಿಜ, ಆದ್ದರಿಂದಲೇ ನೋಟ್‌ಬುಕ್ಕನ್ನು ಸುಟ್ಟುಹಾಕಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ಹೊಡೆತ ಬಡಿತದ, ಬೆದರಿಕೆಯ ಮಾತೊಂದೂ ಇಲ್ಲ. ಇದ್ದಿದ್ದರೆ ಬೇರೆಯೇ ಉತ್ತರ ಬರೆಯುತ್ತಿದ್ದೆ, ದಿನಾಂಕಗಳನ್ನು ಬರೆದಿಡಿ ಎಂದು ನಾನೇ ಒತ್ತಾಯಿಸುತ್ತಿದ್ದೆ.

ಇನ್ನೊಂದು ವಿಷಯ. ಎಲ್ಲವೂ ತೀರ್ಮಾನವಾಗಿದೆ, ಆದರೂ ಆರು ತಿಂಗಳು ಕಾಯಲೇಬೇಕಂತೆ ಎಂದು ಬರೆದಿದ್ದೀರಿ. ಈ “ಕಾಯಲೇಬೇಕಂತೆ” ಎಂಬ ಮಾತು ಯಾರದು? ಆ ಅವಧಿ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿಯೇ ಹೇಳಿದೆ. ಒಂದೂವರೆ ವರ್ಷ ಮೀರಿ ದೂರವಿದ್ದು, ರಾಜಿಯ ಪ್ರಯತ್ನ ವಿಫಲವಾಗಿ, ಮಗು ಮತ್ತು ಹಣದ ವಿಚಾರ ನಿಜವಾಗಿ ಇತ್ಯರ್ಥವಾಗಿದ್ದರೆ ಕಾಯುವ ಅವಧಿಯನ್ನು ಮನ್ನಾ ಮಾಡುವಂತೆ ಕೇಳಬಹುದು. ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆ. ಆತುರ ತೋರಿಸಿದರೆ ನಾವು ಸೋತಂತೆ ಎಂದು ಅಣ್ಣನವರು ಅಂದಿದ್ದಾರೆಂಬುದೂ ಪತ್ರದಲ್ಲಿದೆ. ಇದನ್ನು ಅವರಲ್ಲಿ ಕೇಳಬೇಡಿ, ವಕೀಲರಲ್ಲಿ ಕೇಳಿ.

ಅಣ್ಣನವರಿಗೆ ನಿಮ್ಮ ಮೇಲೆ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ. ನಿಮ್ಮ ಮದುವೆಗೆ ಅವರು ಸಹಕಾರ ಸಂಘದಲ್ಲಿ ಸಾಲ ಮಾಡಿದ್ದರು, ಅದನ್ನು ತೀರಿಸಲು ಐದು ವರ್ಷ ಹಿಡಿಯಿತು ಎಂದು ನೀವೇ ಬರೆದಿದ್ದೀರಿ. ನನಗೆ ತೋರುವಂತೆ ಆ ನೋಟ್‌ಬುಕ್ ಅವರ ಲೆಕ್ಕದ ಪುಸ್ತಕ. ಅದನ್ನು ಬರೆಯುವ ಕೈ ಮಾತ್ರ ನಿಮ್ಮದು. ಸಲಹೆ ಕೊಟ್ಟವರು ಹತ್ತು ಗಂಟೆಗೆ ಮಲಗಿ ಗೊರಕೆ ಹೊಡೆಯುತ್ತಾರೆ, ಸಲಹೆ ಪಾಲಿಸುವವರು ಎಚ್ಚರವಿರುತ್ತಾರೆ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ನನಗೇ ನೆನಪಿಲ್ಲ. ನಿಮ್ಮ ಗಂಡನ ವಿಚಾರದಲ್ಲಿ ನನಗೆ ಹೆಚ್ಚು ಹೇಳುವುದೇನೂ ಇಲ್ಲ. ಒಪ್ಪಿದ ಭಾನುವಾರಗಳಂದು ಹೇಳಿದ ಹೊತ್ತಿಗೆ ಬಂದು, ಹೇಳಿದ ಹೊತ್ತಿಗೆ ಮಗಳನ್ನು ತಂದು ಬಿಡುತ್ತಿದ್ದಾರೆ, ಅಷ್ಟು ಸಾಕು.

ಎದೆ ಹೊಡೆದುಕೊಳ್ಳುವುದನ್ನು ಒಮ್ಮೆ ವೈದ್ಯರಿಗೆ ತೋರಿಸಿ, ಎಲ್ಲವನ್ನೂ ಚಿಂತೆಯ ಖಾತೆಗೆ ಹಾಕಬೇಡಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ದಿನದ ಎಲ್ಲ ಹೊತ್ತೂ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಪ್ರಾಣಾಯಾಮವನ್ನು ಬೆಳಿಗ್ಗೆ ನಿಮಗೆ ತಿಳಿದಂತೆ ಮಾಡಿ, ಅದಕ್ಕೆ ನನ್ನ ಅಪ್ಪಣೆ ಬೇಕಿಲ್ಲ.

ನಾನು ಹೇಳುವ ಕೆಲಸ ಒಂದೇ. ಸೋಮವಾರ ಶಾಲೆ ಬಿಟ್ಟ ಮೇಲೆ ನೋಟ್‌ಬುಕ್ಕನ್ನು ಕಂದು ಬಣ್ಣದ ಲಕೋಟೆಯಲ್ಲಿ ಹಾಕಿ, ಅಂಟಿಸಿ, ವಕೀಲರ ಕಚೇರಿಗೆ ಹೋಗಿ ನಿಮ್ಮ ಪ್ರಕರಣದ ಕಡತದಲ್ಲಿ ಇಡುವಂತೆ ಹೇಳಿ ಬನ್ನಿ. ಇನ್ನೊಂದು ನೋಟ್‌ಬುಕ್ ಕೊಳ್ಳಬೇಡಿ. ಒಂದು ರಾತ್ರಿ ಮಗಳು ನೀರು ಕುಡಿಯಲು ಎದ್ದು ಬಂದು, “ಅಮ್ಮಾ, ನಿನ್ನ ಹೋಮ್‌ವರ್ಕ್ ಇನ್ನೂ ಮುಗಿದಿಲ್ವಾ?” ಎಂದು ಕೇಳಿದಳೆಂದು ಬರೆದಿದ್ದೀರಿ. ಸೋಮವಾರ ರಾತ್ರಿ ಅವಳು ಕೇಳುವ ಮೊದಲೇ, ಮುಗಿಯಿತು ಎಂದು ನೀವೇ ಹೇಳಿ, ಅವಳ ಪಕ್ಕದಲ್ಲಿ ಮಲಗಿ.

ನೋಟ್‌ಬುಕ್ ಎಲ್ಲಿ ಎಂದು ಅಣ್ಣನವರು ಕೇಳಿದರೆ, ವಕೀಲರ ಹತ್ತಿರ ಇದೆ ಅಣ್ಣಾ ಎನ್ನಿ. ಅವರಿಗೆ ಸಮಾಧಾನವಾಗುತ್ತದೆ, ನೀವು ಹೇಳಿದ್ದೂ ಸುಳ್ಳಾಗುವುದಿಲ್ಲ.