ಆ ನಗು ಒಪ್ಪಿಗೆಯಲ್ಲ, ತಂಗಿ

ಪ್ರಶ್ನೆ: ಅಕ್ಕ, ನನಗೆ 22 ವರ್ಷ, ಊರು ಕುಮಟಾ ಹತ್ತಿರ. ಗೋಕರ್ಣದ ಒಂದು ಆಯುರ್ವೇದ ಸೆಂಟರ್‌ನಲ್ಲಿ ನಾಲ್ಕು ತಿಂಗಳಿಂದ ಮಸಾಜ್ ಕಲಿಯುತ್ತಿದ್ದೇನೆ. ‘ಇನ್ನೂ ಜೋರಾಗಿ ಒತ್ತು’ ಎನ್ನುವ ಗೆಸ್ಟ್‌ಗಳೇ ಜಾಸ್ತಿ. ರಾತ್ರಿ ಹೆಬ್ಬೆರಳು ನೋವಿಗೆ ನಿದ್ದೆ ಬರುವುದಿಲ್ಲ. ಮೊನ್ನೆ ಒಬ್ಬರು ಮೇಡಂ ಮಸಾಜ್ ನಡುವೆ ಅಳತೊಡಗಿದರು, ನನಗೆ ಕೈಕಾಲೇ ಓಡಲಿಲ್ಲ. ಕಳೆದ ವಾರ ಒಬ್ಬ ಗಂಡಸು ಬೇಡದ ಮಾತಾಡಿ ಕೈ ಹಿಡಿದ. ನಾನು ಸುಮ್ನೆ ನಕ್ಕು ಕೆಲಸ ಮುಗಿಸಿದೆ. ಅಮ್ಮನಿಗೆ ಹೇಳಿದರೆ ಕೆಲಸ ಬಿಡು ಅನ್ನುತ್ತಾಳೆ. ನಾನು ಈ ಕೆಲಸಕ್ಕೆ ಆಗದವಳಾ?

ಉತ್ತರ: ತಂಗಿ, ಆ ಗಂಡಸಿನ ವಿಷಯದಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಕಲಿತರೆ ಬರುತ್ತದೆ. ಇದು ಮಾತ್ರ ನಿನ್ನೊಳಗೆ ಮುಳ್ಳಿನ ಹಾಗೆ ಉಳಿದಿದೆ, ಅಲ್ವಾ?

ಬಾಗಿಲು ಹಾಕಿದ ರೂಮು, ಕೈತುಂಬ ಎಣ್ಣೆ, ಎದುರಿಗೆ ದುಡ್ಡು ಕೊಟ್ಟು ಬಂದವನು. ಹೆದರಿದಾಗ ಎಷ್ಟೋ ಹೆಣ್ಣುಮಕ್ಕಳಿಗೆ ಅಂಥದ್ದೇ ನಗು ಬರುತ್ತದೆ. ಅದನ್ನು ಒಪ್ಪಿಗೆ ಅಂತ ಯಾರೂ ಹೇಳಬಾರದು, ನೀನೂ ಅಂದುಕೊಳ್ಳಬೇಡ.

ಇನ್ನೊಮ್ಮೆ ಹೀಗಾದರೆ ಮೊದಲು ಕೈ ತೆಗೆ. ಬಾಗಿಲ ಕಡೆ ಎರಡು ಹೆಜ್ಜೆ ಹೋಗು. ‘ಸರ್, ಮಸಾಜ್ ಇಲ್ಲಿಗೆ ಮುಗಿಯಿತು’ ಅನ್ನು, ಹೊರಗೆ ಬಾ. ಕಾರಣ ವಿವರಿಸಬೇಡ. ಎಣ್ಣೆ ಬಟ್ಟಲು ತರುವುದಕ್ಕೂ ವಾಪಸ್ ಹೋಗಬೇಡ. ಈ ಒಂದು ವಾಕ್ಯವನ್ನು ಮನೆಯಲ್ಲಿ ಹತ್ತು ಸಲ ಜೋರಾಗಿ ಹೇಳಿ ರೂಢಿ ಮಾಡಿಕೋ. ಹೆದರಿದಾಗ ಬಾಯಿಗೆ ಬರುವುದು ರೂಢಿಯ ಮಾತೇ.

ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಕಿರುಕುಳ ತಡೆಯಲು 2013ರ ಕಾನೂನಿದೆ. ಅದರಲ್ಲಿ ಟ್ರೇನಿಗಳೂ ಸೇರಿದ್ದಾರೆ. ಹೊರಗಿನಿಂದ ಬರುವ ಗಿರಾಕಿಯಿಂದಲೂ ನಿನ್ನನ್ನು ಕಾಪಾಡುವುದು ಮಾಲೀಕರ ಜವಾಬ್ದಾರಿ. 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ನಿಮ್ಮದು ಅದಕ್ಕಿಂತ ಸಣ್ಣ ಜಾಗವಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅವಧಿ ಮೂರು ತಿಂಗಳು, ನಿನಗೆ ಆಗಿರುವುದು ಕಳೆದ ವಾರ. ದೂರು ಕೊಡುವುದೋ ಬಿಡುವುದೋ ಆಮೇಲೆ ಯೋಚಿಸು. ತಾರೀಕು, ಸಮಯ, ಅವನು ಆಡಿದ ಮಾತು ಇವತ್ತೇ ಬರೆದಿಡು. ತಕ್ಷಣದ ಭಯ ಇದ್ದರೆ 112.

ಇನ್ನೊಂದು ಮಾತು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಅನ್ನುವುದು ಆಯುರ್ವೇದ ಕೇಂದ್ರಗಳಲ್ಲಿ ಹಳೆಯ ಪದ್ಧತಿ. ನಿಮ್ಮಲ್ಲೂ ಹಾಗೇ ಮಾಡಿ ಎಂದು ಕೇಳು. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಈಗ ಹೆಬ್ಬೆರಳು. ‘ಜೋರಾಗಿ’ ಅಂದ ಕೂಡಲೇ ನೀನು ಬೆರಳಿನಿಂದ ತಳ್ಳುತ್ತೀಯ ಅನ್ನಿಸುತ್ತದೆ. ಬಲ ಬರಬೇಕಾದದ್ದು ಕಾಲಿನಿಂದ. ಒಂದು ಕಾಲು ಮುಂದಿಟ್ಟು, ಮೈಭಾರ ಬಿಟ್ಟು, ಮುಂಗೈಯಿಂದ ನಿಧಾನ ಜಾರಿಸು. ನೇರ ನಿಂತು ಕೈ ಇಳಿಬಿಟ್ಟರೆ ಮುಷ್ಟಿ ಟೇಬಲ್‌ಗೆ ತಾಗಬೇಕು. ಟೇಬಲ್ ಅದಕ್ಕಿಂತ ಎತ್ತರ ಇದ್ದರೆ ಭಾರ ಬಿಡಲು ಬರುವುದಿಲ್ಲ, ಎಲ್ಲ ಬೆರಳಿನ ಮೇಲೇ ಬೀಳುತ್ತದೆ. ಗೆಸ್ಟ್ ಕಾಲಬೆರಳು ಮಡಚಿದರೆ, ಉಸಿರು ಬಿಗಿ ಹಿಡಿದರೆ ಒತ್ತು ಜಾಸ್ತಿಯಾಯಿತು ಅಂತಲೇ ಲೆಕ್ಕ, ಅವರ ಬಾಯಿ ಏನೇ ಹೇಳಲಿ. ‘ಇದಕ್ಕಿಂತ ಗಟ್ಟಿ ಒತ್ತಿದರೆ ಸ್ನಾಯು ಇನ್ನೂ ಬಿಗಿಯಾಗುತ್ತದೆ ಸರ್, ನಿಧಾನ ಮಾಡುತ್ತೇನೆ’ ಎನ್ನು. ನಿದ್ದೆ ಕೆಡಿಸುವ ನೋವನ್ನು ಮಾತ್ರ ಡಾಕ್ಟರಿಗೆ ತೋರಿಸು. ದಿನಕ್ಕೆ ಎಷ್ಟು ಮಸಾಜ್ ಎಂದು ಸೀನಿಯರ್ ಹತ್ತಿರ ಮಾತಾಡು.

ನೀನು ಕೇಳದ ಒಂದನ್ನೂ ಹೇಳಬೇಕು. ನಾನು ಕಲಿಯುವಾಗ ಒಬ್ಬರು ದೂರದ ಪ್ರಯಾಣ ಮುಗಿಸಿ ಗೋಕರ್ಣ ರೋಡ್ ಸ್ಟೇಶನ್‌ನಿಂದ ನೇರ ಬಂದರು. ‘ಕೂತು ಕೂತು ಕಾಲು ಹಿಡಿದುಕೊಂಡಿದೆ, ಚೆನ್ನಾಗಿ ತಿಕ್ಕು’ ಅಂದರು. ಎಡಗಾಲಿನ ಮೀನಖಂಡ ಬಲಗಾಲಿಗಿಂತ ದಪ್ಪ, ಮುಟ್ಟಿದರೆ ಬಿಸಿ. ನಾನು ಬಟ್ಟಲಿಗೆ ಕೈ ಹಾಕಿಯಾಗಿತ್ತು. ಸೀನಿಯರ್ ಅಕ್ಕ ಬಂದು ನನ್ನ ಮಣಿಕಟ್ಟು ಹಿಡಿದರು. ಏನೂ ಮಾತಾಡದೆ ಆ ಎರಡೂ ಕಾಲು ತೋರಿಸಿದರು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಕುತ್ತು. ಅವರನ್ನು ಆಗಲೇ ಆಸ್ಪತ್ರೆಗೆ ಕಳಿಸಿದೆವು. ಎಣ್ಣೆಗೈ ಇಟ್ಟುಕೊಂಡು ನಿಂತಿದ್ದ ನನಗೆ ಇಂದಿಗೂ ಆ ಬಿಸಿ ನೆನಪಿದೆ.

ಅದಕ್ಕೇ ಎಣ್ಣೆ ಬಿಸಿ ಮಾಡುವ ಮೊದಲು ಐದು ನಿಮಿಷ ಮಾತಾಡು. ಜ್ವರ ಇದೆಯಾ? ಆಪರೇಶನ್ ಆಗಿದೆಯಾ? ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ? ಬಿಪಿ ಹೇಗಿದೆ? ಹೆಂಗಸರಾದರೆ, ಗರ್ಭಿಣಿಯಾ? ಈಗಷ್ಟೇ ಊಟ ಆಯಿತಾ? ಕುಡ್ಲೆ ಬೀಚಿನಲ್ಲಿ ಮಲಗಿ ಬೆನ್ನು ಸುಟ್ಟುಕೊಂಡವರಿಗೆ ಅವತ್ತು ಬೆನ್ನು ಮುಟ್ಟಲೇಬೇಡ. ಎಲ್ಲಿ ಮುಟ್ಟುತ್ತೀಯ, ಎಲ್ಲಿ ಮುಟ್ಟುವುದಿಲ್ಲ ಅನ್ನುವುದನ್ನೂ ಆಗಲೇ ಹೇಳಿಬಿಡು. ಅರ್ಧ ತಾಪತ್ರಯ ಅಲ್ಲೇ ಕಳೆಯುತ್ತದೆ.

ಅತ್ತ ಆ ಮೇಡಂ ವಿಷಯದಲ್ಲಿ ನೀನು ತಪ್ಪೇನೂ ಮಾಡಲಿಲ್ಲ. ಮೈ ಸಡಿಲವಾದಾಗ ಕೆಲವರಿಗೆ ಅಳು ಬರುತ್ತದೆ. ಕೈಯನ್ನು ತಟ್ಟನೆ ಎತ್ತದೆ ಭುಜದ ಮೇಲೆ ಸುಮ್ನೆ ಇಡು. ‘ನಿಲ್ಲಿಸಲಾ, ಮುಂದುವರಿಸಲಾ?’ ಅಂತ ಮೆತ್ತಗೆ ಕೇಳು. ಏನಾಯಿತು ಅಂತ ಕೆದಕಬೇಡ. ಅವರಾಗಿ ಹೇಳಿದರೆ ಕೇಳು, ಸಲಹೆ ಕೊಡಬೇಡ. ಆ ರೂಮಿನಲ್ಲಿ ಕೇಳಿದ್ದು ಹೊರಗೆ ಹೋಗಬಾರದು.

ಈ ಕೆಲಸಕ್ಕೆ ಆಗದವಳು ಇಷ್ಟೊಂದು ಯೋಚಿಸುತ್ತಿರಲಿಲ್ಲ. ಅಮ್ಮನಿಗಿರುವುದು ನಿನ್ನ ಬಗ್ಗೆ ಹೆದರಿಕೆ, ಅದಕ್ಕೆ ಕಾರಣವೂ ಇದೆ. ಆ ಗಂಡಸಿನ ವಿಷಯ ಮುಚ್ಚಿಡಬೇಡ. ನೀನು ಮುಂದೆ ಏನು ಮಾಡುತ್ತೀಯ ಅನ್ನುವುದನ್ನೂ ಜೊತೆಗೇ ಹೇಳು. ಆಮೇಲೆ, ನೀನು ಹುಟ್ಟಿದಾಗ ಬಾಣಂತನದಲ್ಲಿ ಎಣ್ಣೆ ತಿಕ್ಕಿ ಮೀಯಿಸಿದ್ದು ಯಾರು ಅಂತ ಅಮ್ಮನನ್ನು ಕೇಳು.